ನಾಲ್ಕು ರಬ್ಬರ್ ಕೀಲು

ಆಪರೇಷನ್‌ಗೆ ಹೋಗುವ ಹಿಂದಿನ ದಿನ ಅತ್ತೆ ತನ್ನ ಕತ್ತರಿಗೆ ಸಾಣೆ ಹಿಡಿಸಿಕೊಂಡು ಬಂದಳು. ಮೊಳದುದ್ದಕ್ಕೆ ಸ್ವಲ್ಪ ಕಡಿಮೆಯ ಕಬ್ಬಿಣದ ಕತ್ತರಿ. ಮೂವತ್ತು ವರ್ಷ ಅವಳ ಬೆರಳು ಉಜ್ಜಿ ಉಜ್ಜಿ ಹಿಡಿಯ ಕಪ್ಪು ಬಣ್ಣ ಪೂರ್ತಿ ಹೋಗಿತ್ತು. ಅಲಗಿಗೆ ಒಂದು ಹನಿ ಎಣ್ಣೆ ಸವರಿ, ಹಳೆಯ ಫ್ಲಾನೆಲ್ ಬಟ್ಟೆಯಲ್ಲಿ ಸುತ್ತಿ, ಬಟ್ಟೆ ಕತ್ತರಿಸುವ ಮೇಜಿನ ಡ್ರಾಯರ್‌ನಲ್ಲಿಟ್ಟಳು. ಡ್ರಾಯರ್‌ಗೆ ಬೀಗವಿರಲಿಲ್ಲ. ಅದನ್ನು ಮುಟ್ಟುವ ಧೈರ್ಯ ಅಂಗಡಿಯಲ್ಲಿ ಇನ್ನೊಬ್ಬರಿಗೆ ಇರಲಿಲ್ಲ, ಹಾಗಾಗಿ ಬೀಗದ ಯೋಚನೆ ಯಾರಿಗೂ ಬಂದಿರಲಿಲ್ಲ.

"ನಾನು ಎದ್ದು ಬರೋವರೆಗೆ ಹೊಸ ಕೆಲಸ ಹಿಡೀಬೇಡ," ಎಂದು ಮಗನಿಗೆ ಹೇಳಿದಳು. "ಕತ್ತರಿಸಿಟ್ಟಿರೋದು ಮೂರ್ನಾಲ್ಕು ತಿಂಗಳಿಗೆ ಸಾಕು. ಮಷಿನ್ನು ಹೊಲೀತಾ ಇರ್ಲಿ."

ಮಷಿನ್ನು ಎಂದರೆ ಸೊಸೆ.

ಸೊಸೆ ಹಿಂದಿನ ಕೋಣೆಯ ಕಿಟಕಿ ಪಕ್ಕದಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತು ಹನ್ನೊಂದು ವರ್ಷವಾಗಿತ್ತು. ಮದುವೆಯಾಗಿ ಬಂದ ಮೂರನೆಯ ದಿನ ಕೂತವಳು. ಅಂಗಡಿ ಕೆಳಗೆ, ಮನೆ ಮೇಲೆ, ನಡುವೆ ಹದಿನಾಲ್ಕು ಮೆಟ್ಟಿಲು. ಆಸ್ಪತ್ರೆಯ ಆಯಾಗಳ ಅಂಗಿ, ಶಾಲೆಯ ಸಮವಸ್ತ್ರ, ಹೋಟೆಲಿನ ಬಾಗಿಲು ಕಾಯುವವರ ಕೋಟು ಎಲ್ಲವನ್ನೂ ಅತ್ತೆ ಕತ್ತರಿಸುತ್ತಿದ್ದಳು, ಸೊಸೆ ಹೊಲಿಯುತ್ತಿದ್ದಳು, ಮಗ ಇಸ್ತ್ರಿ ಹಾಕಿ ಗಿರಾಕಿಗಳಿಗೆ ತಲುಪಿಸುತ್ತಿದ್ದ. ಬೀದಿಯವರ ಬಾಯಲ್ಲಿ ಅತ್ತೆಯ ಹೆಸರು ಕತ್ತರಿಯಮ್ಮ. ನಾಲ್ಕು ಪದರ ಬಟ್ಟೆಯನ್ನು ಒಂದರ ಮೇಲೊಂದು ಹಾಸಿ, ಸೀಮೆಸುಣ್ಣದ ಗೆರೆ ಹಿಡಿದು, ಕಂಕುಳಿನಿಂದ ಕೆಳಂಚಿನವರೆಗೆ ಕತ್ತರಿಯನ್ನು ಒಮ್ಮೆಯೂ ಎತ್ತದೆ ಒಂದೇ ಓಟಕ್ಕೆ ಬಂದುಬಿಡುತ್ತಿದ್ದಳು. ಕತ್ತರಿಸಿದ ಅಂಚಿನಲ್ಲಿ ಒಂದು ಹಲ್ಲು ಕಂಡರೂ ಅವಳಿಗೆ ಊಟ ಸೇರುತ್ತಿರಲಿಲ್ಲ.

ಸೊಸೆಯ ಹೊಲಿಗೆಯನ್ನು ಮಾತ್ರ ಗಿರಾಕಿಗಳ ಎದುರಿಗೇ ಬೆಳಕಿಗೆ ಹಿಡಿಯುತ್ತಿದ್ದಳು. "ನೋಡಿ ಸಾರ್, ದಾರಿ ತಪ್ಪಿದ ಇರುವೆ ಸಾಲು. ಇವಳ ಅಪ್ಪನ ಮನೇಲಿ ನೆಟ್ಟಗಿರೋದು ಒಂದೂ ಇರ್ಲಿಲ್ಲ ಅನ್ಸತ್ತೆ." ಗಿರಾಕಿ ನಗುತ್ತಿದ್ದ. ಸೊಸೆ ಹೊಲಿಗೆ ಬಿಚ್ಚುತ್ತಿದ್ದಳು.

ಮದುವೆಯಾದ ಎರಡನೆಯ ವರ್ಷ ಅತ್ತೆ ಜ್ವರ ಬಂದು ಮಲಗಿದ್ದಾಗ, ಸೊಸೆ ಒಂದು ಮಗುವಿನ ಅಂಗಿಯನ್ನು ತಾನೇ ಅಳೆದು, ಅಂಗಡಿಯಲ್ಲಿದ್ದ ಇನ್ನೊಂದು ಕತ್ತರಿಯಿಂದ ಕತ್ತರಿಸಿಟ್ಟಿದ್ದಳು. ಅತ್ತೆ ಎದ್ದು ಬಂದು ತುಂಡುಗಳನ್ನು ಮೇಜಿನ ಮೇಲೆ ಜೋಡಿಸಿದಳು. ಟೇಪು ಹಿಡಿದು ಕುತ್ತಿಗೆ ನೋಡಿದಳು, ತೋಳು ನೋಡಿದಳು, ಬೆನ್ನು ನೋಡಿದಳು. ಆಮೇಲೆ ಒಂದೊಂದನ್ನೂ ನಾಲ್ಕು ಮಾಡಿ, ಯಂತ್ರ ಒರೆಸುವ ಬಟ್ಟೆಯ ಡಬ್ಬಕ್ಕೆ ಹಾಕಿದಳು.

"ತಪ್ಪಾಗಿತ್ತಾ ಅತ್ತೆ?"

"ಇಲ್ಲ. ಸರಿಯಾಗೇ ಇತ್ತು. ಅದಕ್ಕೇ."

ಆ ಇನ್ನೊಂದು ಕತ್ತರಿ ಅವತ್ತೇ ಮನೆ ಬಿಟ್ಟು ಹೋಯಿತು. ಸೊಸೆಗೆ ಉಳಿದದ್ದು ದಾರ ಕತ್ತರಿಸುವ ಬೆರಳುದ್ದದ ಕತ್ತರಿ.

ಕೀಲುವಾತ ಅತ್ತೆಯ ಕೈ ಹಿಡಿದು ಹದಿನೈದು ವರ್ಷವಾಗಿತ್ತು. ಮೊದಲು ಗೆಣ್ಣುಗಳು ಊದಿದವು. ಆಮೇಲೆ ಬಲಗೈಯ ನಾಲ್ಕು ಬೆರಳೂ ಬುಡದಿಂದಲೇ ಕಿರುಬೆರಳಿನ ಕಡೆಗೆ ವಾಲತೊಡಗಿದವು, ಒಂದೇ ಕಡೆಯಿಂದ ಬೀಸುವ ಗಾಳಿಗೆ ಬಾಗಿದ ಹುಲ್ಲಿನ ಹಾಗೆ. ಆ ಕೈಯಲ್ಲೇ ಕತ್ತರಿಸಿದಳು. ಕಡೆಗೊಂದು ದಿನ ಕತ್ತರಿ ಕೈ ಜಾರಿ ಕಾಲ ಮೇಲೆ ಬಿದ್ದಾಗ ಆಸ್ಪತ್ರೆಗೆ ಹೋಗಲು ಒಪ್ಪಿದಳು.

ಕೈಯ ಡಾಕ್ಟರು ನಡುವಯಸ್ಸಿನ ಹೆಂಗಸು. ಮೇಜಿನ ಡ್ರಾಯರ್‌ನಿಂದ ಒಂದು ಬಿಳಿಯ ತುಂಡು ತೆಗೆದು ಅತ್ತೆಯ ಅಂಗೈ ಮೇಲಿಟ್ಟರು. ಬೆರಳಿನ ಗೆಣ್ಣಿನಷ್ಟು ದಪ್ಪ, ಎರಡೂ ಕಡೆಗೆ ಮೊಳೆಯಂಥ ಬಾಲ, ನಡುವೆ ಮಡಚುವ ಜಾಗ.

"ಸಿಲಿಕೋನ್. ರಬ್ಬರ್ ಅಂತಲೇ ಅಂದ್ಕೊಳ್ಳಿ ತಾಯಿ. ಸವೆದ ಮೂಳೆ ತುದಿ ತೆಗೆದು ನಾಲ್ಕು ಗೆಣ್ಣಿಗೂ ಒಂದೊಂದು ಕೂರಿಸ್ತೀವಿ. ನೋವು ಕಮ್ಮಿಯಾಗತ್ತೆ, ಬೆರಳು ನೆಟ್ಟಗಾಗತ್ತೆ. ಆದ್ರೆ ಹಳೇ ಬಲ ಬರಲ್ಲ. ಜೋರಾಗಿ ಹಿಂಡೋದು, ಒತ್ತೋದು ಮಾಡಿದ್ರೆ ಇದು ಒಳಗೇ ಹರಿಯತ್ತೆ. ಹರಿದ್ರೆ ನಿಮಗೆ ಗೊತ್ತೂ ಆಗಲ್ಲ. ಬೆರಳು ಮತ್ತೆ ವಾಲ್ತಾ ಹೋಗತ್ತೆ, ಅಷ್ಟೆ."

"ಕತ್ತರಿ ಹಿಡೀಬಹುದಾ?" ಅತ್ತೆ ಕೇಳಿದ್ದು ಇದೊಂದೇ ಪ್ರಶ್ನೆ.

ಡಾಕ್ಟರು ಆ ತುಂಡನ್ನು ವಾಪಸು ತೆಗೆದುಕೊಂಡರು. "ಚೆನ್ನಾಗಿ ಹರಿತವಾಗಿದ್ರೆ ಹಿಡೀಬಹುದು. ಹಗುರವಾಗಿ. ನಡುನಡುವೆ ಕೈಗೆ ಬಿಡುವು ಕೊಟ್ಟು. ಮೊಂಡ ಕತ್ತರಿ ಮಾತ್ರ ಮುಟ್ಲೇಬೇಡಿ."

"ನನ್ನ ಕತ್ತರಿ ಬಟ್ಟೆ ಮೇಲೆ ಇಟ್ರೆ ಸಾಕು ಡಾಕ್ಟ್ರೇ, ಅದೇ ನಡ್ಕೊಂಡು ಹೋಗತ್ತೆ."

ಫೈಲು ಹಿಡಿದುಕೊಂಡು ಅತ್ತೆಯ ಹಿಂದೆ ನಿಂತಿದ್ದ ಸೊಸೆ ಇದೆಲ್ಲವನ್ನೂ ಕೇಳಿಸಿಕೊಂಡಳು.

ಆಪರೇಷನ್ ಆಯಿತು. ಅತ್ತೆ ಮೇಲಿನ ಕೋಣೆಯಲ್ಲಿ ಮಲಗಿದಳು. ಕೈಗೆ ಮೊಣಕೈವರೆಗೆ ಪಟ್ಟಿ. ಅದು ಬಿಚ್ಚಿದ ಮೇಲೆ ಪ್ಲಾಸ್ಟಿಕ್ಕಿನ ಚೌಕಟ್ಟು. ಅದರಿಂದ ನಾಲ್ಕು ರಬ್ಬರ್ ದಾರಗಳು ಇಳಿದು ನಾಲ್ಕು ಬೆರಳನ್ನೂ ಮೇಲಕ್ಕೆ, ಹೆಬ್ಬೆರಳಿನ ಕಡೆಗೆ ಎಳೆದು ಹಿಡಿದಿದ್ದವು. "ಅಮ್ಮ ಈಗ ಬೊಂಬೆಯಾಟದವಳು," ಎಂದು ಮಗ ನಕ್ಕ. ಅತ್ತೆ ನಗಲಿಲ್ಲ. ಮಧ್ಯಾಹ್ನದ ಮಾತ್ರೆ ನುಂಗಿದರೆ ಎರಡು ಗಂಟೆ ನಿದ್ದೆ. ಅದೇ ಹೊತ್ತಿಗೆ ಮಗ ಬಟ್ಟೆ ತಲುಪಿಸಲು ಹೋಗುತ್ತಿದ್ದ.

ಮೊದಲ ದಿನ ಸೊಸೆ ಡ್ರಾಯರ್ ಎಳೆದು ಫ್ಲಾನೆಲ್ ಬಿಚ್ಚಿ ನೋಡಿ, ಮತ್ತೆ ಸುತ್ತಿಟ್ಟಳು. ಎರಡನೆಯ ದಿನ ಕೈಗೆ ತೆಗೆದುಕೊಂಡಳು. ಭಾರವಿತ್ತು, ಆದರೆ ಆ ಭಾರವೇ ಅಲಗನ್ನು ಕೆಳಗಿಳಿಸುತ್ತಿತ್ತು. ಬೆರಳು ಬರಿಯ ದಾರಿ ತೋರಿಸಿದರೆ ಸಾಕಿತ್ತು. ಇದೇನಾ, ಎನಿಸಿತು ಅವಳಿಗೆ. ಹನ್ನೊಂದು ವರ್ಷ ನನ್ನಿಂದ ಬಚ್ಚಿಟ್ಟದ್ದು ಇಷ್ಟೇನಾ.

ಕತ್ತರಿಸಲು ಬಟ್ಟೆ ಇರಲಿಲ್ಲ. ಚಿಂದಿಯ ಮೂಟೆಯನ್ನು ಕೂಡ ಅತ್ತೆ ಕಟ್ಟಿ, ಬಿಚ್ಚಿದರೆ ತಿಳಿಯಲೆಂದು ಗಂಟಿನ ಮೇಲೆ ಸೀಮೆಸುಣ್ಣದ ಗುರುತು ಎಳೆದು ಹೋಗಿದ್ದಳು. ಇದ್ದದ್ದು ಕಾಗದ. ಹಳೆಯ ಪತ್ರಿಕೆಗಳು, ಅಳತೆ ಬರೆಯುವ ಕಂದು ಕಾಗದದ ಸುರುಳಿಗಳು. ಬಟ್ಟೆ ಕತ್ತರಿಯನ್ನು ಕಾಗದಕ್ಕೆ ಹಾಕಬಾರದು, ಅಲಗು ಮೊಂಡಾಗುತ್ತದೆಂದು ಹೊಲಿಗೆ ಅಂಗಡಿಯಲ್ಲಿ ಕಸ ಗುಡಿಸುವವರಿಗೂ ಗೊತ್ತು. ಒಂದೇ ಹಾಳೆ, ಎಂದುಕೊಂಡಳು. ತೋಳಿನ ಆಕಾರ ಬರೆದು ಕತ್ತರಿಸಿದಳು. ಗೆರೆ ತಪ್ಪಿತು. ಇನ್ನೊಂದು. ವಾರ ಕಳೆಯುವಷ್ಟರಲ್ಲಿ ತೋಳು ಬಂತು. ಇನ್ನೆರಡು ವಾರಕ್ಕೆ ಕಾಲರು. ಕಂಕುಳಿನ ತಿರುವು ಕೈಗೆ ಹತ್ತಲು ತಿಂಗಳು ಹಿಡಿಯಿತು. ಎರಡು ತಿಂಗಳು ದಿನವೂ ಮಧ್ಯಾಹ್ನ ಕತ್ತರಿಸಿ, ಕತ್ತರಿಸಿದ್ದನ್ನು ಒಲೆಗೆ ಹಾಕಿ, ಕತ್ತರಿಯನ್ನು ಒರೆಸಿ, ಒಂದು ಹನಿ ಎಣ್ಣೆ ಸವರಿ, ಫ್ಲಾನೆಲ್‌ನಲ್ಲಿ ಅದೇ ಮಡಿಕೆಗೆ ಸುತ್ತಿಡುತ್ತಿದ್ದಳು.

ಕೊನೆಯ ದಿನಗಳಲ್ಲಿ ಅಲಗು ಕಾಗದವನ್ನೇ ಕಚ್ಚಿ ಮಡಚತೊಡಗಿತು. ಸಾಣೆ ಹಿಡಿಸಬೇಕೆಂದುಕೊಂಡಳು. ಆದರೆ ಊರಿನಲ್ಲಿದ್ದ ಸಾಣೆಯವನು ಒಬ್ಬನೇ, ಆ ಕತ್ತರಿಯನ್ನು ಹೆತ್ತ ಮಗುವಿನಂತೆ ಬಲ್ಲವನು. "ಅಮ್ಮ ಮಲಗಿರುವಾಗ ಇದು ಹೇಗೆ ಮೊಂಡಾಯ್ತು?" ಎಂದು ಅವನು ಕೇಳದೆ ಬಿಡುತ್ತಿರಲಿಲ್ಲ. ಅತ್ತೆಗೆ ಹೇಳದೆಯೂ ಬಿಡುತ್ತಿರಲಿಲ್ಲ. ಇವತ್ತು ನಾಳೆ ಎನ್ನುತ್ತಾ ಸೊಸೆ ಡ್ರಾಯರ್ ಮುಚ್ಚಿದಳು.

ಈ ನಡುವೆ ಬೆಳಿಗ್ಗೆ ಸಂಜೆ ಅತ್ತೆಯ ಬೆರಳಿಗೆ ವ್ಯಾಯಾಮ ಮಾಡಿಸುವ ಕೆಲಸವೂ ಸೊಸೆಯ ಪಾಲಿಗೆ ಬಂದಿತ್ತು. ಚೌಕಟ್ಟು ಬಿಚ್ಚಿ, ಒಂದೊಂದೇ ಬೆರಳನ್ನು ಹಿಡಿದು, ಬುಡದಲ್ಲಿ ಮಡಚಿ, ನೆಟ್ಟಗೆ ಮಾಡಿ, ಹೆಬ್ಬೆರಳಿನ ಕಡೆಗೆ ಒತ್ತಬೇಕು. ಬೆರಳುಗಳು ಈಗ ನೆಟ್ಟಗಿದ್ದವು. ತುದಿಗಳು ಮಾತ್ರ ಇನ್ನೂ ಜೋಮು ಹಿಡಿದಂತೆ, ಸೂಜಿ ಚುಚ್ಚಿದರೂ ಅಷ್ಟಾಗಿ ಗೊತ್ತಾಗುತ್ತಿರಲಿಲ್ಲ.

"ಮೆಲ್ಲಗೆ. ಇದು ನಿನ್ನ ಮಷಿನ್ನಿನ ಗಾಲಿ ಅಲ್ಲ."

"ಹ್ಞೂಂ ಅತ್ತೆ."

"ಕೈ ಇಷ್ಟು ಒರಟು. ನನ್ನ ಮಗ ಹೇಗೆ ಸಂಸಾರ ಮಾಡ್ತಾನೋ."

ಸೊಸೆ ಬೆರಳನ್ನು ಬೇಕಾದಷ್ಟೇ ಒತ್ತಿದಳು. ಹೆಚ್ಚೂ ಇಲ್ಲ, ಕಮ್ಮಿಯೂ ಇಲ್ಲ. ಡಾಕ್ಟರು ಮುಂದಿನ ಸಲ ನೋಡಿದಾಗ, ಇಷ್ಟು ಚೆನ್ನಾಗಿ ನೋಡಿಕೊಂಡವರು ಯಾರು ಎಂದು ಕೇಳಿದರು.

"ಅವಳೇ. ಬೇರೆ ಕೆಲಸ ಏನಿದೆ ಅವಳಿಗೆ," ಎಂದಳು ಅತ್ತೆ.

ಐದನೆಯ ತಿಂಗಳು ಅತ್ತೆ ಮೆಟ್ಟಿಲಿಳಿದು ಅಂಗಡಿಗೆ ಬಂದಳು. ಅದೇ ವಾರ ಹೋಟೆಲಿನವರು ಬಾಗಿಲು ಕಾಯುವವರಿಗೆ ನಲವತ್ತು ಉಣ್ಣೆಯ ಕೋಟು ಬೇಕೆಂದು ಬಂದಿದ್ದರು. ಅಮ್ಮ ಕತ್ತರಿಸುವುದಾದರೆ ಒಪ್ಪಿಕೊಳ್ಳುತ್ತೇನೆ ಎಂದಿದ್ದ ಮಗ. ಅತ್ತೆ ದಪ್ಪ ಉಣ್ಣೆಯನ್ನು ನಾಲ್ಕು ಪದರ ಹಾಸಿ, ಗೆರೆ ಎಳೆದು, ಡ್ರಾಯರ್‌ನಿಂದ ಕತ್ತರಿ ತೆಗೆದು ಫ್ಲಾನೆಲ್ ಬಿಚ್ಚಿದಳು. ಯಂತ್ರದ ಮುಂದೆ ಕೂತಿದ್ದ ಸೊಸೆ ಸೂಜಿಗೆ ದಾರ ಪೋಣಿಸುತ್ತಿದ್ದಳು. ದಾರ ಕಣ್ಣಿಗೆ ಹೋಗುತ್ತಿರಲಿಲ್ಲ.

ಮೊದಲ ಕಚ್ಚಿಗೇ ಕತ್ತರಿ ನಿಂತಿತು.

ಅತ್ತೆ ಕೈಯನ್ನು ನೋಡಿಕೊಂಡಳು. ಕತ್ತರಿಯನ್ನು ನೋಡಲಿಲ್ಲ. ಆಸ್ಪತ್ರೆಗೆ ಹೋಗುವ ಹಿಂದಿನ ದಿನ ತಾನೇ ಸಾಣೆ ಹಿಡಿಸಿ, ತಾನೇ ಸುತ್ತಿಟ್ಟ ಕತ್ತರಿ ಅದು. ಬಲ ಬರುವುದಿಲ್ಲವೆಂದು ಡಾಕ್ಟರು ಹೇಳಿದ್ದರು. ಅವಳು ಮತ್ತೆ ಒತ್ತಿದಳು. ಉಣ್ಣೆ ಅಲಗುಗಳ ನಡುವೆ ಮಡಚಿಕೊಂಡು, ಕರಕರ ಎಂದು ಹರಿದಂತೆ ತುಂಡಾಯಿತು. ಸೊಸೆಗೆ ಆ ಸದ್ದು ಹಿಂದಿನ ಕೋಣೆಯವರೆಗೂ ಕೇಳಿತು. ಆ ಕತ್ತರಿಯ ಸದ್ದು ಹಾಗಿರಲಿಲ್ಲ. ಅದು ಬಟ್ಟೆಯ ಮೇಲೆ ಹೋದರೆ ಯಾರೋ ಉಸಿರು ಬಿಟ್ಟ ಹಾಗಿರುತ್ತಿತ್ತು.

"ಕೈಯಲ್ಲಿ ತ್ರಾಣವೇ ಇಲ್ಲ ಕಣೇ," ಎಂದಳು ಅತ್ತೆ. ಹನ್ನೊಂದು ವರ್ಷದಲ್ಲಿ ಸೊಸೆಯ ಹತ್ತಿರ ಅವಳು ಹೇಳಿಕೊಂಡ ಮೊದಲ ಕಷ್ಟ ಇದು.

ಹೇಳುವುದಿದ್ದರೆ ಆಗಲೇ ಹೇಳಬೇಕಿತ್ತು. ಕತ್ತರಿ ಮೊಂಡಾಗಿದೆ ಅತ್ತೆ, ಮೂರೇ ಮೂರು ಪದ. ಆಮೇಲೆ, ನಿನಗೆ ಹೇಗೆ ಗೊತ್ತು, ಎಂಬ ಪ್ರಶ್ನೆ. ಆಮೇಲೆ ಬೀದಿಗೆಲ್ಲ ಕೇಳುವ ಹಾಗೆ ಮಾತು, ಗಿರಾಕಿಗಳ ಎದುರಿಗೆ ವರ್ಷಗಟ್ಟಲೆ ಮಾತು. ಸೊಸೆಗೆ ಒರೆಸುವ ಬಟ್ಟೆಯ ಡಬ್ಬ ನೆನಪಾಯಿತು. ಅದರೊಳಗೆ ಮಗುವಿನ ಅಂಗಿಯ ತೋಳು ನೆನಪಾಯಿತು.

"ಅಭ್ಯಾಸ ತಪ್ಪಿದೆ ಅತ್ತೆ," ಎಂದಳು. "ಇನ್ನೂ ಸ್ವಲ್ಪ ಒತ್ತಿ."

ಅತ್ತೆ ಒತ್ತಿದಳು.

ನಲವತ್ತು ಕೋಟುಗಳಿಗೆ ಏಳು ವಾರ ಹಿಡಿಯಿತು. ಅಂಚುಗಳಲ್ಲಿ ಹಲ್ಲು ಬಂತು. ಅತ್ತೆ ಅದನ್ನು ನೋಡಿ ಸೊಸೆಯ ಕಡೆಗೆ ತಳ್ಳುತ್ತಿದ್ದಳು. ಸೊಸೆ ಹಲ್ಲನ್ನು ಹೊಲಿಗೆಯ ಒಳಗೆ ಮುಚ್ಚುತ್ತಿದ್ದಳು. ಗಿರಾಕಿಗಳ ಎದುರಿಗೆ ಇರುವೆ ಸಾಲಿನ ಮಾತು ನಿಂತುಹೋಯಿತು. ಮನೆಯಲ್ಲಿ ಶಾಂತಿ ನೆಲೆಸಿದೆ ಎಂದುಕೊಂಡ ಮಗ, ಒಂದು ಸಂಜೆ ಇಸ್ತ್ರಿ ಹಾಕುತ್ತಾ ಶಿಳ್ಳೆಯನ್ನೂ ಹಾಕಿದ. ಮೂರನೆಯ ವಾರ ಅತ್ತೆಯ ಗೆಣ್ಣುಗಳು ಊದಿದವು. ಐದನೆಯ ವಾರ ತೋರುಬೆರಳು ಸ್ವಲ್ಪ ಹೊರಳಿತು. ಸಂಜೆಯ ವ್ಯಾಯಾಮದಲ್ಲಿ ಅದನ್ನು ಮೊದಲು ಕಂಡವಳು ಸೊಸೆ. ಹೆಬ್ಬೆರಳಿನ ಕಡೆಗೆ ಒತ್ತಿದರೆ ಬರುತ್ತಿತ್ತು, ಬಿಟ್ಟರೆ ಮೆಲ್ಲಗೆ ಹೋಗಿ ನಡುಬೆರಳಿಗೆ ಒರಗುತ್ತಿತ್ತು. ಸೊಸೆ ಎರಡು ಮೂರು ಸಲ ಒತ್ತಿ, ಬಿಟ್ಟು, ಅದು ಹೋಗುವುದನ್ನು ನೋಡಿದಳು.

"ಏನು ನೋಡ್ತಾ ಕೂತೆ?"

"ಏನಿಲ್ಲ ಅತ್ತೆ. ಚೆನ್ನಾಗಿದೆ."

ಕೋಟುಗಳು ಹೋದ ಮರುದಿನ ಅತ್ತೆಗೆ ಲೋಟ ಹಿಡಿಯಲಾಗಲಿಲ್ಲ. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಡಾಕ್ಟರು ಅದನ್ನು ದೀಪದ ಎದುರು ಹಿಡಿದರು.

"ತೋರುಬೆರಳಿಂದು, ನಡುಬೆರಳಿಂದು ಎರಡೂ ಹರಿದಿವೆ ತಾಯಿ. ರಬ್ಬರಿನ ಪುಡಿ ಉದುರಿ ಒಳಗೆಲ್ಲ ಊತ ಬಂದಿದೆ, ಸುತ್ತಲ ಮೂಳೆಯೂ ಸವೆಯೋಕೆ ಶುರುವಾಗಿದೆ. ಏನು ಮಾಡ್ತಿದ್ರಿ?"

"ಕತ್ತರಿಸ್ತಿದ್ದೆ."

"ಹರಿತವಾದ ಕತ್ತರೀಲಾ?"

"ನನ್ನ ಕತ್ತರಿಗಿಂತ ಹರಿತವಾದ್ದು ಈ ಊರಲ್ಲಿಲ್ಲ ಡಾಕ್ಟ್ರೇ. ಕೈಯೇ ಕೈಲಾಗದ್ದು."

ಡಾಕ್ಟರು ತಲೆ ಆಡಿಸಿದರು. ಮತ್ತೆ ಬಿಚ್ಚಿ ಹೊಸದು ಹಾಕಬಹುದು, ಆದರೆ ಈ ಮೂಳೆಯಲ್ಲಿ ಅದು ಹಿಂದಿನಷ್ಟೂ ನಿಲ್ಲುತ್ತದೆಂದು ಹೇಳಲಾರೆ ಎಂದರು. ಕತ್ತರಿಯನ್ನಂತೂ ಇನ್ನು ಮರೆತುಬಿಡಿ ಎಂದರು. ಬಾಗಿಲ ಹತ್ತಿರ ನಿಂತಿದ್ದ ಸೊಸೆಗೆ ಮೊದಲು ಅನಿಸಿದ್ದು, ಮೇಜು ಖಾಲಿಯಾಯಿತು ಎಂದು. ಆಮೇಲೆ ಬೇರೆ ಏನೇನೋ ಅನಿಸಿತು. ಆದರೆ ಮೊದಲು ಅದೇ.

ಅಲ್ಲಿಂದ ಮನೆಗೆ ಬಂದವಳೇ ಅತ್ತೆ ಕತ್ತರಿಯನ್ನು ಫ್ಲಾನೆಲ್‌ನಲ್ಲಿ ಸುತ್ತಿಸಿ ಸೊಸೆಯ ಕೈಗೆ ಕೊಟ್ಟಳು. "ನಡಿ, ಸಾಣೆಯವನ ಹತ್ರ ಹೋಗಿ ಬರೋಣ. ಒಂದು ಸಲ ಹಿಡಿಸಿ ಮೇಲೆ ಎತ್ತಿಡ್ತೀನಿ. ಇದನ್ನ ಇನ್ನೊಬ್ಬರ ಕೈಗೆ ಕೊಡಕ್ಕಾಗಲ್ಲ ನಂಗೆ."

"ನಾನೊಬ್ಬಳೇ ಹೋಗಿ ಬರ್ತೀನಿ ಅತ್ತೆ. ನಿಮಗೆ ಸುಸ್ತು."

"ಕಾಲಿಗೇನಾಗಿದೆ ನಂಗೆ? ನಡಿ."

ಔಷಧಿ ಅಂಗಡಿಯ ಮೂಲೆ ತಿರುಗುವಾಗ, ಮುಂದೆ ನೋಡುತ್ತಲೇ ಅತ್ತೆ ಹೇಳಿದಳು: "ನಿನಗೆ ಹೊಸದು ಕೊಡಿಸೋಕೆ ಹೇಳ್ತೀನಿ. ಹಗುರದ್ದು. ನಾಳೆಯಿಂದ ಮೇಜು ನೀನೇ ನೋಡ್ಕೋ." ಸ್ವಲ್ಪ ದೂರ ನಡೆದ ಮೇಲೆ ಮತ್ತೆ: "ಆ ಮಗುವಿನ ಅಂಗಿ. ಕಂಕುಳು ಎಷ್ಟು ಚೆನ್ನಾಗಿ ತಿರುಗಿಸಿದ್ದೆ. ನನಗೆ ಆ ತಿರುವು ಬರೋಕೆ ಮೂರು ವರ್ಷ ಹಿಡಿದಿತ್ತು."

ಕತ್ತರಿ ಫ್ಲಾನೆಲ್‌ನ ಒಳಗಿಂದ ಸೊಸೆಯ ಎದೆಗೆ ಒತ್ತುತ್ತಿತ್ತು.

ಸಾಣೆಯವನ ಅಂಗಡಿ ಒಂದು ದೊಡ್ಡ ಕಟ್ಟಡದ ಮೆಟ್ಟಿಲ ಕೆಳಗೆ. ಅವನು ಚಕ್ರ ನಿಲ್ಲಿಸಿ, ಕೈ ಒರೆಸಿಕೊಂಡು, ಎರಡೂ ಕೈಯಲ್ಲಿ ಕತ್ತರಿ ತೆಗೆದುಕೊಂಡ. ಬಿಚ್ಚಿ ಬೆಳಕಿಗೆ ಹಿಡಿದ. ಅಲಗಿನ ಮೇಲೆ ಹೆಬ್ಬೆರಳು ಅಡ್ಡಡ್ಡ ಆಡಿಸಿದ. ಒದ್ದೆ ಬಟ್ಟೆಯ ಚೂರನ್ನು ತೆಗೆದು ತುದಿಯಿಂದ ಕತ್ತರಿಸಿ ನೋಡಿದ. ಬಟ್ಟೆ ಮಡಚಿಕೊಂಡಿತು.

"ಅಮ್ಮಾ, ಇದರಲ್ಲಿ ಕಾಗದ ಕತ್ತರಿಸಿದವರು ಯಾರು?"

"ಕಾಗದವಾ?" ಅತ್ತೆ ನಕ್ಕಳು. "ನಿನಗೆ ವಯಸ್ಸಾಯ್ತು. ಬರೀ ನಲವತ್ತು ಕೋಟು ಕತ್ತರಿಸಿದೆ ನಾನು."

"ಉಣ್ಣೆ ಕತ್ತರಿಸಿದ್ರೆ ಅಲಗು ಹೀಗೆ ಬೆಳ್ಳಗೆ ಸವೆಯಲ್ಲ. ಇದು ಕಾಗದವೇ. ಒಂದೆರಡು ಹಾಳೆ ಅಲ್ಲ, ಮೂಟೆಗಟ್ಲೆ. ಇದರಲ್ಲಿ ನೀವು ಕೋಟು ಕತ್ತರಿಸಿದ್ರಾ? ಗಟ್ಟಿ ಕೈಯವರಿಗೂ ಬೆರಳು ಬಿದ್ದು ಹೋಗತ್ತಲ್ಲಮ್ಮ."

ಅತ್ತೆಯ ನಗು ಮುಖದಿಂದ ಹೋಗಲು ಸ್ವಲ್ಪ ಹೊತ್ತು ಹಿಡಿಯಿತು. ಅವಳು ತನ್ನ ಬಲಗೈಯನ್ನು ನೋಡಿಕೊಂಡಳು. ಆಮೇಲೆ ಸೊಸೆಯನ್ನು ನೋಡಿದಳು. ಸೊಸೆ ನೆಲದಲ್ಲಿ ಬಿದ್ದಿದ್ದ ಕಬ್ಬಿಣದ ಪುಡಿಯನ್ನು ನೋಡುತ್ತಿದ್ದಳು.

"ಬಿಡಿ, ಒಂದು ಗಂಟೇಲಿ ಸರಿ ಮಾಡಿಕೊಡ್ತೀನಿ," ಎಂದ ಸಾಣೆಯವನು ಚಕ್ರದ ಕಡೆಗೆ ತಿರುಗುತ್ತಾ.

"ಬೇಡ," ಎಂದಳು ಅತ್ತೆ. "ಸಾಣೆ ಬೇಡ. ಕೊಡು ಇಲ್ಲಿ."

ಮನೆಯವರೆಗೂ ಅತ್ತೆ ಅದನ್ನು ಎಡಗೈಯಲ್ಲಿ ತಾನೇ ಹೊತ್ತು ತಂದಳು. ಅಂಗಡಿಯ ಬಾಗಿಲು ಹಾಕಿ, ಕತ್ತರಿಯನ್ನು ಮೇಜಿನ ನಡುವೆ ಇಟ್ಟು, ತನ್ನ ಕುರ್ಚಿ ಎಳೆದುಕೊಂಡು ಕೂತಳು. ದನಿ ಏರಿಸಲಿಲ್ಲ.

"ಎಷ್ಟು ದಿನ?"

"ಎರಡು ತಿಂಗಳು."

"ನಾನು ಕೋಟು ಕತ್ತರಿಸುವಾಗ ನಿನಗೆ ಗೊತ್ತಿತ್ತು."

ಸೊಸೆ ಮೇಜಿನ ಮೇಲಿದ್ದ ಸೀಮೆಸುಣ್ಣದ ಪುಡಿ ಒರೆಸಿದಳು.

"ಇನ್ನೂ ಸ್ವಲ್ಪ ಒತ್ತಿ ಅಂದೆ."

"ಅಂದೆ ಅತ್ತೆ."

ಅತ್ತೆ ಕತ್ತರಿಯನ್ನು ಸೊಸೆಯ ಕಡೆಗೆ ತಳ್ಳಿದಳು. ಬೀದಿಯಲ್ಲಿ ಯಾರೋ ಸೈಕಲ್ ಬೆಲ್ ಬಾರಿಸಿಕೊಂಡು ಹೋದರು. "ಮೇಜು ಬೇಕಾಗಿತ್ತು ತಾನೇ ನಿನಗೆ? ತಗೋ. ಕತ್ತರಿಯೂ ತಗೋ. ಇದೊಂದೇ ಕತ್ತರಿ, ಹೊಸದು ಬರಲ್ಲ. ಇದಕ್ಕೆ ಸಾಣೆ ಹಿಡಿಸಿದ ದಿನ ಎಕ್ಸ್‌ರೇ ತಗೊಂಡು ನನ್ನ ಮಗನ ಮುಂದೆ ಕೂರ್ತೀನಿ. ಹೆಂಡತಿ ಏನು ಮಾಡಿದ್ಲು ಅಂತ ಹೇಳ್ತೀನಿ. ಅವನು ನಗುನಗುತ್ತಾ ಇರೋನು, ಕೋಪ ಬಂದ್ರೆ ಹೇಗೆ ಅಂತ ನೀನು ನೋಡಿಲ್ಲ. ಈ ಮನೇಲಿ ನಿನಗೆ ಅನ್ನ ಹುಟ್ಟಲ್ಲ."

ಸೊಸೆ ಕತ್ತರಿ ಎತ್ತಿಕೊಂಡಳು.

ಅಮ್ಮ ಕೊನೆಗೂ ಕತ್ತರಿ ಬಿಟ್ಟುಕೊಟ್ಟಳೆಂದು ಮಗ ಅಂದು ಇಡೀ ಬೀದಿಗೆ ಹೇಳಿಕೊಂಡು ಬಂದ. "ಹನ್ನೊಂದು ವರ್ಷ ತಪಸ್ಸು ಮಾಡಿದ್ಲು," ಎಂದು ಹೆಂಡತಿಯ ಬೆನ್ನು ತಟ್ಟಿದ. ಹೋಟೆಲಿನವರು ಕೋಟು ಮೆಚ್ಚಿ, ಇನ್ನೊಂದು ಕಟ್ಟಡಕ್ಕೆ ಅರವತ್ತು ಬೇಕೆಂದಿದ್ದರು. ಅದೇ ಉಣ್ಣೆ.

ಅಂದಿನಿಂದ ಅತ್ತೆಯ ಕುರ್ಚಿ ಮೇಜಿನ ಪಕ್ಕದಲ್ಲೇ. ಬಲಗೈ ಮಡಿಲಲ್ಲಿ ಅಂಗಾತ ಬಿದ್ದಿರುತ್ತದೆ. ತೋರುಬೆರಳು ನಡುಬೆರಳಿನ ಮೇಲೆ, ನಡುಬೆರಳು ಉಂಗುರದ ಬೆರಳಿನ ಮೇಲೆ ಒರಗಿ ಮಲಗಿವೆ. ಅವಳು ಬಟ್ಟೆಯನ್ನು ನೋಡುವುದಿಲ್ಲ, ಕಣ್ಣು ಮುಚ್ಚಿ ಸದ್ದು ಕೇಳುತ್ತಾಳೆ. ಎರಡೇ ಪದರ ಹಾಸಿದರೆ ಅದರಲ್ಲೇ ಗೊತ್ತಾಗುತ್ತದೆ. "ನಾಲ್ಕು," ಎನ್ನುತ್ತಾಳೆ. ಸೊಸೆ ನಾಲ್ಕು ಹಾಸುತ್ತಾಳೆ.

ಇಪ್ಪತ್ತನೆಯ ಕೋಟಿನ ಹೊತ್ತಿಗೆ ಸೊಸೆಯ ತೋರುಬೆರಳಿನ ಬುಡ ಕೆಂಪಗೆ ಊದಿತ್ತು. ತಲುಪಿಸುವ ಬಟ್ಟೆಯ ಗಂಟು ಎತ್ತಿಕೊಳ್ಳಲು ಬಂದ ಮಗ ಅದನ್ನು ನೋಡಿ ನಿಂತ.

"ಇದೇನೇ ಹೀಗೆ? ಅಮ್ಮನ ಡಾಕ್ಟ್ರ ಹತ್ರ ಒಂದು ಸಲ ತೋರಿಸೋಣವಾ?"

"ಏನೂ ಆಗಿಲ್ಲ," ಎಂದಳು ಸೊಸೆ.

ಅವನು ತಾಯಿಯ ಮುಖ ನೋಡಿದ. ಅತ್ತೆ ಕಣ್ಣು ತೆರೆದು, ತನ್ನ ವಾಲಿದ ಕೈಯನ್ನು ಚಾಚಿ, ಸೊಸೆಯ ಊದಿದ ಗೆಣ್ಣನ್ನು ಮೆಲ್ಲಗೆ ಸವರಿದಳು. ಹನ್ನೊಂದು ವರ್ಷದಲ್ಲಿ ಯಾರೂ ಅವಳ ಬಾಯಲ್ಲಿ ಕೇಳಿರದಷ್ಟು ಮೆತ್ತನೆಯ ದನಿಯಲ್ಲಿ ಹೇಳಿದಳು:

"ಅಭ್ಯಾಸ ಇಲ್ಲ ಪಾಪ. ಇನ್ನೂ ಸ್ವಲ್ಪ ಒತ್ತು."